ರಾಕೆಟ್ ಹಾರಿದ ದಿನಾ ನಮ್ಮವ್ವ ಬಿದ್ಲು: ಅವರ ಕಾಲು ತಿರುಗಿ ಬಂದ್ವು, ಇವಳ ಕಾಲು ಯಾಕ ಬರವಲ್ವು?

ನವನಗರದ ಮಗ · ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಉದ್ದ ಬರೀತೀನಿ, ಸ್ವಲ್ಪ ತಾಳ್ಕೊಂಡು ಓದ್ರಿ.

ಈ ಸಲ (2025ರಾಗ) ಮಣ್ಣೆತ್ತಿನ ಅಮಾಸಿ ಜೂನ್ 25ಕ್ಕ ಬಂದಿತ್ತು. ಅವತ್ತ ಮಧ್ಯಾಹ್ನ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಮೆರಿಕಾದಿಂದ ಬಾಹ್ಯಾಕಾಶ ನಿಲ್ದಾಣಕ್ಕ ಹಾರಿದ್ರು. ನಮ್ಮವ್ವ ಎತ್ತಿಗೆ ಎಡಿ ಹಿಡದು ಬಂದು, ಟಿವಿ ಮುಂದ ಕುಂತು, ಕೈಮುಗದು ನೋಡಿದ್ಲು. ಅದ ದಿನಾ ಸಂಜಿಕ ಬಚ್ಚಲದಾಗ ಜಾರಿ ಬಿದ್ಲು. ಬಲಗಾಲ ತೊಡಿ ಎಲುಬು ಮುರೀತು. ಆಪರೇಷನ್ ಆತು, ರಾಡ್ ಹಾಕಿದ್ರು, ವಾರದಾಗ ಮನಿಗೆ ಕರ್ಕೊಂಡು ಬಂದ್ವಿ. ಅವಳಿಗೆ 66 ವರ್ಷ.

ಶುಕ್ಲಾ ಅವರು ಜುಲೈ 15ಕ್ಕ ಇಳದ್ರು. ಇಳಿದಾಗ ಎರಡೂ ಕಡೆ ಮಂದಿ ಹಿಡ್ಕೊಂಡಿದ್ರು. ಬಂದ ಮ್ಯಾಲ ಫೋನ್ ಕೈಯಾಗ ಹಿಡದ್ರ ಭಾಳ ಭಾರ ಅನಿಸ್ತು ಅಂತ ಅವರ ಹೇಳ್ಯಾರ. ಆದ್ರ ಆಗಸ್ಟ್‌ನಾಗ ದಿಲ್ಲಿಗೆ ಬಂದಾಗ ಚಂದಂಗ ನಡಕೊಂತ ಬಂದ್ರು. ನಮ್ಮವ್ವ ಇನ್ನೂ ಹಾಸಿಗ್ಯಾಗ ಅದಾಳ. ಹತ್ತು ವಾರ ಆತು. ಎಲುಬು ಕೂಡೇತಿ ಅಂತ ಎಕ್ಸ್‌ರೇ ಹೇಳ್ತೈತಿ, ಕಾಲು ಮಾತ್ರ ಒಣಗಿದ ಸೌತಿಕಾಯಿ ಆಗೇತಿ. ನನಗ ತಿಳೀಲಾರದ್ದು ಏನಂದ್ರ, ಎಡಗಾಲಿಗೆ ಏನೂ ಆಗಿಲ್ಲ, ಅದೂ ಸಣ್ಣಾಗೇತಿ. ನಿನ್ನೆ ನೀರು ತುಂಬಿದ ತಂಬಿಗಿ ಎತ್ತಾಕ ಎರಡೂ ಕೈ ಹಚ್ಚಿದ್ಲು. ಆ ಫೋನಿನ ಮಾತು ನೆನಪಾಗಿ ಹೊಟ್ಯಾಗ ಕಲಿಸಿದಂಗಾತು.

ಮನ್ಯಾಗ ನಮ್ಮ ಅತ್ತಿ (ಅಪ್ಪನ ಅಕ್ಕ) ಗಟ್ಟಿ ಹಿಡದಾಳ. ಮೂರು ತಿಂಗಳ ಅಲ್ಲಾಡಬಾರದು, ಎಲುಬು ಸರೀತೈತಿ ಅಂತಾಳ. ಅವಳೂ ಪ್ರೀತಿಯಿಂದನ ಹೇಳ್ತಾಳ, ರಾತ್ರಿ ಅವ್ವನ ಕಾಲು ಒತ್ತೂದು ಅವಳ.

ನನ್ನ ಪ್ರಶ್ನೆ ಇದು. ಪೆಟ್ಟಿಲ್ಲ, ಜಡ್ಡಿಲ್ಲ, 39 ವರ್ಷದ ಗಟ್ಟಿ ಪೈಲಟ್. ಬರೇ ತೇಲಾಡಿದ್ರ ಸ್ನಾಯು ಯಾಕ ಕರಗ್ತಾವ? ನಮ್ಮವ್ವಗ ಆಗಿದ್ದೂ ಅದ ಏನು?

ಆಲಮಟ್ಟಿ ಹುಡುಗ

ಅಲ್ಲಿ ಗುರುತ್ವಾಕರ್ಷಣೆ ಇರೂದಿಲ್ರಿ, ಅದಕ್ಕ ಸ್ನಾಯುವಿಗೆ ಕೆಲಸ ಇಲ್ಲ. ಇಷ್ಟ.

ಗೋಕಾಕ ಮಾಸ್ತರ

@ಆಲಮಟ್ಟಿ ಹುಡುಗ ಎರಡನೇ ಮಾತು ಸರಿ, ಮೊದಲನೇದು ತಪ್ಪು. ಪಿಯು ಹುಡುಗರಿಗೆ ಪ್ರತಿ ವರ್ಷ ಇದನ್ನೇ ತಿದ್ದುತ್ತೇನೆ. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಬೆಳಗಾವಿಯಿಂದ ಬೆಂಗಳೂರು ಅದಕ್ಕಿಂತ ದೂರ! ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲಿಯ ಶೇ. 90ರ ಹತ್ತಿರ ಇದ್ದೇ ಇರುತ್ತದೆ.

ಬಾವಿಗೆ ಕೊಡ ಬಿಡುವಾಗ ಹಗ್ಗ ಕೈಜಾರಿತು ಅಂದುಕೊಳ್ಳಿ. ನೀರು ಮುಟ್ಟುವ ತನಕ ಕೊಡವೂ ಬೀಳುತ್ತಿರುತ್ತದೆ, ಕೊಡದೊಳಗೆ ಉಳಿದಿದ್ದ ನೀರೂ ಅದೇ ವೇಗದಲ್ಲಿ ಬೀಳುತ್ತಿರುತ್ತದೆ. ಆ ಹೊತ್ತಿನಲ್ಲಿ ಒಳಗಿನ ನೀರು ಕೊಡದ ತಳವನ್ನು ಒತ್ತುವುದೇ ಇಲ್ಲ. ನಿಲ್ದಾಣ ಆ ಕೊಡ, ಗಗನಯಾತ್ರಿ ಆ ನೀರು. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಅಡ್ಡ ಓಡುತ್ತಿರುವುದರಿಂದ ಬಿದ್ದರೂ ನೆಲ ಮುಟ್ಟದೆ ಭೂಮಿಯ ಸುತ್ತಲೇ ಬೀಳುತ್ತಿರುತ್ತಾರೆ. ಸೆಳೆತ ಇದೆ, ಒತ್ತಡ ಇಲ್ಲ. ಕಾಲಿಗೆ ಗೊತ್ತಾಗುವುದು ಒತ್ತಡ ಮಾತ್ರ.

ಆಲಮಟ್ಟಿ ಹುಡುಗ

ಕೊಡದ ಮಾತು ತಲಿಗೆ ಹೋತು ಸರ. ಒಪ್ಕೊಂಡೆ.

ಫಿಜಿಯೋ ಅಕ್ಕ · ಬೆಳಗಾವಿ

ನವನಗರದ ಅಣ್ಣಾರ, ನಾನು ಫಿಜಿಯೋಥೆರಪಿಸ್ಟ್. ಮೊದಲು ನಿಮ್ಮ ಅವ್ವನ ಎಡಗಾಲಿನ ಮಾತು, ಯಾಕಂದ್ರೆ ಉತ್ತರ ಅಲ್ಲೇ ಇದೆ.

ನಾವು ಸುಮ್ಮನೆ ರೇಷನ್ ಅಂಗಡಿ ಮುಂದೆ ಸಾಲಿನಲ್ಲಿ ನಿಂತಾಗ ಕೆಲಸ ಮಾಡ್ತಿಲ್ಲ ಅಂದ್ಕೋತೀವಿ. ಹಾಗಲ್ಲ. ನಿಂತ ಮೈಯ ಭಾರ ಕಾಲಗಿಣ್ಣಿಗಿಂತ ಸ್ವಲ್ಪ ಮುಂದೆ ಬೀಳುತ್ತೆ, ಬಿಟ್ಟರೆ ಮುಂದಕ್ಕೆ ಬೀಳ್ತೀವಿ. ಹಿಂದಿನಿಂದ ಹಿಡಿದು ನಿಲ್ಲಿಸೋದು ಮೀನಖಂಡದ ಒಳಪದರದ ಸ್ನಾಯು, ಸೋಲಿಯಸ್ ಅಂತೀವಿ. ಅದರ ಜೊತೆ ತೊಡೆಯ ಮುಂಭಾಗ, ಬೆನ್ನು, ಕುತ್ತಿಗೆ. ಇವು ದಿನಪೂರ್ತಿ ಯಾರಿಗೂ ಹೇಳದೆ ದುಡಿಯೋ ಸ್ನಾಯುಗಳು. ಬಾಹ್ಯಾಕಾಶದಲ್ಲಿ ಇವಕ್ಕೇ ಮೊದಲು ಕೆಲಸ ಹೋಗುತ್ತೆ, ಇವೇ ಮೊದಲು ಸೊರಗ್ತಾವೆ. ಕೈಗಳಿಗೆ ಅಷ್ಟು ಆಗಲ್ಲ. ಅಲ್ಲಿ ಹಿಡಿಕೆ ಹಿಡಿದು ಹಿಡಿದೇ ಓಡಾಡ್ತಾರೆ.

ಸ್ನಾಯು ಅನ್ನೋದು ಕಟ್ಟಿ ಬಿಟ್ಟ ಗೋಡೆ ಅಲ್ಲ. ದಿನಾ ಸ್ವಲ್ಪ ಪ್ರೋಟೀನ್ ಒಡೆಯುತ್ತೆ, ದಿನಾ ಸ್ವಲ್ಪ ಹೊಸದು ಸೇರುತ್ತೆ. ಭಾರ ಬಿದ್ದಾಗ ‘ಇನ್ನೂ ಬೇಕು’ ಅನ್ನೋ ಸೂಚನೆ ಜೀವಕೋಶಕ್ಕೆ ಹೋಗುತ್ತೆ. ಭಾರ ನಿಂತರೆ ಹೊಸದು ಸೇರೋದು ಕುಗ್ಗುತ್ತೆ, ಒಡೆಯೋದು ಮುಂದುವರಿಯುತ್ತೆ. 5ರಿಂದ 11 ದಿನಗಳ ಸಣ್ಣ ಪ್ರಯಾಣದಲ್ಲೂ ಶೇ. 20ರವರೆಗೆ ಸ್ನಾಯು ಕಳೆದುಕೊಳ್ಳಬಹುದು ಅಂತ ನಾಸಾ ಹೇಳುತ್ತೆ. ನಿಮ್ಮ ಅವ್ವನ ಎಡಗಾಲು ಮುರಿದಿಲ್ಲ ನಿಜ, ಆದರೆ ಅದೂ ಹತ್ತು ವಾರ ಮಲಗಿದೆ. ಕಾಲಿಗೆ ಮುರಿದಿದ್ದು ಯಾವುದು, ಮುರಿಯದ್ದು ಯಾವುದು ಅನ್ನೋ ಲೆಕ್ಕ ಇಲ್ಲ ಅಣ್ಣಾರ. ನಿಂತಿದ್ದೀಯಾ ಇಲ್ಲವಾ, ಅಷ್ಟೇ ಲೆಕ್ಕ.

ಗರಡಿ ಮನಿ · ಜಮಖಂಡಿ

ಅಕ್ಕಾರ ಹೇಳಿದ್ದು ನೂರಕ್ಕ ನೂರು ಖರೆ. ನಮ್ಮ ಗರಡ್ಯಾಗ ಜಾತ್ರಿ ಕುಸ್ತಿ ಮುಗದ ಮ್ಯಾಲ ಒಂದು ತಿಂಗಳ ಸಾಮು ಬಿಟ್ಟ ಹುಡುಗರನ್ನ ನೋಡೀನಿ. ತೂಕದ ಕಾಟಾ ಅಷ್ಟ ತೋರಸ್ತೈತಿ, ಆದ್ರ 500 ಬೈಠಕ್ ಹೊಡಿಯವ 200ಕ್ಕ ಕುಂದರ್ತಾನ.

ಆದ್ರ ನನಗೊಂದು ಸಂಶಯ. ಅವರು ಅಲ್ಲಿ ದಿನಾ ಎರಡು ತಾಸು ವ್ಯಾಯಾಮ ಮಾಡ್ತಾರ ಅಂತ ಓದೀನಿ. ಭಾರನ ಇಲ್ಲಂದ್ರ ಏನು ಎತ್ತತಾರ? ನಮ್ಮೂರ ಸಂಗ್ರಾಣಿ ಕಲ್ಲು ಅಲ್ಲಿಗೆ ಒಯ್ದ್ರ ಕೂಸು ಬೆರಳಿಂದ ನೂಕ್ತೈತಿ.

ಗೋಕಾಕ ಮಾಸ್ತರ

@ಗರಡಿ ಮನಿ ಒಳ್ಳೆ ಪ್ರಶ್ನೆ. ಪಿಚಕಾರಿ ತಗೊಳ್ಳಿ, ದಂಡ ಒಳಗೆ ತಳ್ಳಿ, ಬಾಯಿಯನ್ನು ಬೆರಳಿಂದ ಗಟ್ಟಿಯಾಗಿ ಮುಚ್ಚಿ, ಈಗ ದಂಡವನ್ನು ಹಿಂದಕ್ಕೆ ಎಳೆಯಿರಿ. ಬರುತ್ತದೆಯೇ? ಎಳೆದಷ್ಟೂ ಅದು ವಾಪಸ್ ಎಳೆಯುತ್ತದೆ. ನಿಲ್ದಾಣದಲ್ಲಿರುವ ಭಾರ ಎತ್ತುವ ಯಂತ್ರದಲ್ಲಿ ಇಂಥದೇ ದೊಡ್ಡ ನಿರ್ವಾತ ಸಿಲಿಂಡರ್‌ಗಳಿವೆ. ಎಆರ್‌ಇಡಿ ಎಂದು ಅದರ ಹೆಸರು. ಸುಮಾರು 270 ಕಿಲೋವರೆಗಿನ ಭಾರಕ್ಕೆ ಸಮನಾದ ತಡೆ ಕೊಡುತ್ತದೆ. ಬೈಠಕ್, ನೆಲದಿಂದ ಎತ್ತುವುದು, ಹಿಮ್ಮಡಿ ಎತ್ತುವುದು ಎಲ್ಲ ಅದರಲ್ಲೇ.

ಓಡುವ ಯಂತ್ರವೂ ಇದೆ. ಭುಜಕ್ಕೂ ಸೊಂಟಕ್ಕೂ ಪಟ್ಟಿ ಕಟ್ಟಿ ರಬ್ಬರ್ ಹಗ್ಗದಿಂದ ಕೆಳಗೆ ಎಳೆದು ಹಿಡಿಯುತ್ತಾರೆ, ಇಲ್ಲದಿದ್ದರೆ ಮೊದಲ ಹೆಜ್ಜೆಗೇ ಚಾವಣಿಗೆ ಹೋಗುತ್ತಾರೆ. 2007ರ ಏಪ್ರಿಲ್‌ನಲ್ಲಿ ಸುನೀತಾ ವಿಲಿಯಮ್ಸ್ ಅದರ ಮೇಲೆಯೇ ಬೋಸ್ಟನ್ ಮ್ಯಾರಥಾನ್ ಓಡಿದರು. 4 ಗಂಟೆ 24 ನಿಮಿಷ.

ಗರಡಿ ಮನಿ · ಜಮಖಂಡಿ

270 ಕಿಲೋ!! ಶಭಾಷ್. ಹಂಗಾರ ಅದು ಗರಡಿನ ಆತು ಬಿಡ್ರಿ.

ಗುಮ್ಮಟದ ಸೈಕಲ್ · ವಿಜಯಪುರ

ಸೈಕಲ್ಲೂ ಅದ ಅಲ್ಲೇನ್ರಿ? ಅದರ ಸುದ್ದಿ ಯಾರೂ ಎತ್ತವಲ್ರಿ! ನಮ್ಮೂರು ಸೈಕ್ಲಿಂಗ್ ಊರು, ಅದಕ್ಕ ಕೇಳ್ತೀನಿ.

ಗೋಕಾಕ ಮಾಸ್ತರ

ಇದೆ ತಮ್ಮಾ. ಕೂಡ್ರುವ ಸೀಟಿನ ಅವಶ್ಯಕತೆಯೇ ಇಲ್ಲ, ಬೂಟು ಪೆಡಲಿಗೆ ಸಿಕ್ಕಿಸಿಕೊಂಡು ತೇಲುತ್ತಲೇ ತುಳಿಯುತ್ತಾರೆ.

ಗುಮ್ಮಟದ ಸೈಕಲ್ · ವಿಜಯಪುರ

ಸೀಟ್ ಇಲ್ಲದ ಸೈಕಲ್! ಹಂಗಾದ್ರ ಸೈಕಲ್ ಒಂದೇ ಸಾಕಲ್ಲ, ಆ ದೊಡ್ಡ ಯಂತ್ರ ಯಾಕ? ನನಗ ಜೂನಿಯರ್ ಇದ್ದಾಗ ಮಣಕಾಲಿಗೆ ಪೆಟ್ಟಾಗಿ ಎರಡು ತಿಂಗಳ ಕುಂತಿದ್ದೆ. ಎಡ ತೊಡಿ ಟೇಪ್ ಹಿಡದ್ರ 3 ಸೆಂಟಿಮೀಟರ್ ಕಡಿಮಿ. ಮನ್ಯಾಗ ರೋಲರ್ ಮ್ಯಾಲ ತುಳದ ತುಳದ ಸರಿ ಮಾಡ್ಕೊಂಡೆ. ಅವ್ವಾರಿಗೂ ಪೆಡಲ್ ತಂದುಕೊಡ್ರಿ, ಆತು.

ಫಿಜಿಯೋ ಅಕ್ಕ · ಬೆಳಗಾವಿ

@ಗುಮ್ಮಟದ ಸೈಕಲ್ ಇಲ್ಲಿ ನಿಮ್ಮನ್ನ ತಡೀತೀನಿ. ಸೈಕಲ್ ಹೃದಯಕ್ಕೆ, ದಮ್ಮಿಗೆ ತುಂಬಾ ಒಳ್ಳೇದು. ಆದರೆ ಮೈಭಾರ ಎಲುಬಿನ ಮೇಲೆ ಬೀಳಲ್ಲ, ಮೀನಖಂಡಕ್ಕೂ ಬೆನ್ನಿಗೂ ಬೇಕಾದಷ್ಟು ಕೆಲಸ ಸಿಗಲ್ಲ. ಬಾಹ್ಯಾಕಾಶದವರು ಕಲಿತ ದೊಡ್ಡ ಪಾಠವೇ ಇದು. 2009ರಲ್ಲಿ ಒಂದು ಅಧ್ಯಯನ ಬಂತು. ನಿಲ್ದಾಣದಲ್ಲಿ ಆರು ತಿಂಗಳ ಹತ್ತಿರ ಇದ್ದು ಬಂದ 9 ಜನರ ಮೀನಖಂಡ ಅಳೆದರು. ಅವರೆಲ್ಲ ಓಡಿದ್ದರು, ಸೈಕಲ್ ತುಳಿದಿದ್ದರು, ಆಗಿನ ಹಗುರ ಯಂತ್ರದಲ್ಲಿ ಭಾರವನ್ನೂ ಎಳೆದಿದ್ದರು. ಆದರೂ ಮೀನಖಂಡದ ಗಾತ್ರ ಸರಾಸರಿ ಶೇ. 13 ಕಡಿಮೆ, ಅದರ ಗರಿಷ್ಠ ಶಕ್ತಿ ಶೇ. 32 ಕಡಿಮೆ.

ಈ ಎರಡು ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ಗಾತ್ರಕ್ಕಿಂತ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು ಹೋಗಿದೆ. ಗರಡಿ ಅಣ್ಣಾರು ಹೇಳಿದ ಹುಡುಗನೂ ಹಾಗೇ, ಕಾಟಾದಲ್ಲಿ ಅಷ್ಟೇ, ಬೈಠಕ್ ಅರ್ಧಕ್ಕಿಂತ ಕಡಿಮೆ. ಹೊಸ ಭಾರದ ಯಂತ್ರ ಬಳಕೆಗೆ ಬಂದದ್ದು 2009ರಿಂದ, ಆಮೇಲೆ ನಷ್ಟ ಕಡಿಮೆಯಾಗಿದೆ. ಭಾರ ಬೇಕು ತಮ್ಮಾ. ಪೆಡಲ್ ಅದರ ಜಾಗ ತುಂಬಲ್ಲ.

ಗುಮ್ಮಟದ ಸೈಕಲ್ · ವಿಜಯಪುರ

ಒಪ್ಪೂದಿಲ್ರಿ ಅಕ್ಕಾರ. ನನ್ನ ತೊಡಿ ತಿರುಗಿ ಬಂದದ್ದು ಸೈಕಲ್ಲಿಂದನ.

ಫಿಜಿಯೋ ಅಕ್ಕ · ಬೆಳಗಾವಿ

ಬಂದಿರಬೇಕು, ಯಾಕಂದ್ರೆ ಸೈಕಲ್ಲಿಂದ ಇಳಿದ ಮೇಲೆ ನೀವು ನಡೆದಿರಿ, ಮೆಟ್ಟಿಲು ಹತ್ತಿದಿರಿ, ನಿಂತಿರಿ. ಗಗನಯಾತ್ರಿಗೆ ಸೈಕಲ್ಲಿಂದ ಇಳಿದ ಮೇಲೆ ನಿಲ್ಲೋಕೆ ನೆಲವೇ ಇಲ್ಲ.

ಗುಮ್ಮಟದ ಸೈಕಲ್ · ವಿಜಯಪುರ

…ಇದು ನನಗ ಹೊಳದಿದ್ದಿಲ್ಲ.

ನಿವೃತ್ತ ಸುಬೇದಾರ · ಬೆಳಗಾವಿ ಕ್ಯಾಂಪ್

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಾಹೇಬರು ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂಟ್ 7ಕ್ಕೆ ಹೋಗಿದ್ದರು. ಸುಮಾರು ಎಂಟು ದಿನ. ಅಲ್ಲಿ ಯೋಗಾಸನ ಮಾಡಿ ತೋರಿಸಿದವರು ಅವರು. ಅವರ ಸುದ್ದಿ ರೇಡಿಯೋದಲ್ಲಿ ಕೇಳಿದಾಗ ಎದೆ ಉಬ್ಬಿತ್ತು. ಶಿಸ್ತು ಇದ್ದರೆ ಸ್ನಾಯು ಎಲ್ಲಿಗೂ ಹೋಗುವುದಿಲ್ಲ ಎಂಬುದು ನನ್ನ ನಂಬಿಕೆ.

ಗೋಕಾಕ ಮಾಸ್ತರ

ಸುಬೇದಾರ್ ಸಾಹೇಬರೆ, ಶಿಸ್ತಿನ ಮಾತು ಅರ್ಧ ಒಪ್ಪುತ್ತೇನೆ. ಎರಡು ಉದಾಹರಣೆ ಹೇಳುತ್ತೇನೆ.

1970ರ ಜೂನ್. ಸೋಯುಜ್ 9 ಎಂಬ ಸೋವಿಯತ್ ನೌಕೆ. ನಿಕೊಲಾಯೆವ್ ಮತ್ತು ಸೆವಾಸ್ತ್ಯಾನೊವ್ ಎಂಬ ಇಬ್ಬರು ಇಕ್ಕಟ್ಟಾದ ನೌಕೆಯಲ್ಲಿ ಹತ್ತಿರ ಹತ್ತಿರ 18 ದಿನ ಇದ್ದರು. ಶುಕ್ಲಾ ಅವರು ನಿಲ್ದಾಣದಲ್ಲಿ ಇದ್ದದ್ದೂ ಅಷ್ಟೇ ದಿನ ನೋಡಿ. ಇಳಿದಾಗ ಅವರಿಬ್ಬರಿಗೂ ತಾವಾಗಿ ಎದ್ದು ನಡೆಯಲು ಆಗಲಿಲ್ಲ, ನೌಕೆಯಿಂದ ಎತ್ತಿಕೊಂಡು ಹೋದರು. ಅಷ್ಟು ದಿನ ಯಾರೂ ಮೇಲೆ ಇದ್ದಿರಲಿಲ್ಲ, ಹೀಗಾಗುತ್ತದೆಂದು ಊಹೆ ಇರಲಿಲ್ಲ. ಅಲ್ಲಿಂದ ಮುಂದೆ ರಷ್ಯನ್ನರು ವ್ಯಾಯಾಮವನ್ನು ಊಟ ನಿದ್ದೆಯಷ್ಟೇ ಕಡ್ಡಾಯ ಮಾಡಿದರು. ಇಡೀ ದಿನ ಮೈಯನ್ನು ಎಳೆದು ಹಿಡಿಯುವ ರಬ್ಬರ್ ಪಟ್ಟಿಗಳ ಉಡುಪನ್ನೂ ಹೊಲಿಸಿದರು, ಪೆಂಗ್ವಿನ್ ಎಂದು ಅದರ ಹೆಸರು.

ಈಗ 1995ರ ಮಾರ್ಚ್. ವಾಲೆರಿ ಪೊಲ್ಯಾಕೊವ್, ಸ್ವತಃ ವೈದ್ಯ, ಮಿರ್ ನಿಲ್ದಾಣದಲ್ಲಿ 437 ದಿನ ಇದ್ದು ಇಳಿದರು. ಒಬ್ಬ ಮನುಷ್ಯ ಒಂದೇ ಸಲ ಅಷ್ಟು ದಿನ ಇದ್ದ ದಾಖಲೆ ಇವತ್ತಿಗೂ ಅವರದ್ದೇ. ನೌಕೆಯಿಂದ ಹೊರಗೆ ಬಂದು ಪಕ್ಕದ ಕುರ್ಚಿಯವರೆಗೆ ತಾವೇ ನಡೆದು ಹೋಗಿ ಕುಳಿತರು.

18 ದಿನಕ್ಕೆ ಎತ್ತಿಕೊಂಡು ಹೋಗಬೇಕಾಯಿತು, 437 ದಿನಕ್ಕೆ ನಡೆದು ಹೋದರು. ಇದು ಶಿಸ್ತಿನ ಅರ್ಧ. ಇನ್ನರ್ಧ ಅಕ್ಕಾರು ಹೇಳಿದ 9 ಜನ. ಶಿಸ್ತು ಅವರಿಗೂ ಇತ್ತು, ಆದರೂ ನಷ್ಟ ಆಯಿತು. ಸೋತವರನ್ನು ಶಿಸ್ತಿಲ್ಲದವರು ಎನ್ನಬೇಡಿ ಸಾಹೇಬರೆ.

ನಿವೃತ್ತ ಸುಬೇದಾರ · ಬೆಳಗಾವಿ ಕ್ಯಾಂಪ್

ಸರಿ ಮಾಸ್ತರೆ. ಮಾತು ವಾಪಸ್ ತೆಗೆದುಕೊಂಡೆ. ನನ್ನ ಮನೆಯವರೂ ಕಳೆದ ವರ್ಷ ಚಿಕುನ್‌ಗುನ್ಯಾದಲ್ಲಿ ಮಲಗಿ ಎದ್ದವರು. ಅವರಿಗೆ ಶಿಸ್ತು ಇರಲಿಲ್ಲ ಎಂದು ನಾನು ಹೇಳಲಾರೆ.

ಇಂಡಿ ರೈತ

ನಾ ಓದಿದ್ದು ಏಳನೆತ್ತೆ. ನಂಗ ರಾಕೆಟ್ ತಿಳಿಯಾಂಗಿಲ್ಲ, ಎತ್ತು ತಿಳೀತಾವ. ಬ್ಯಾಸಿಗ್ಯಾಗ ಎತ್ತು ಕೊಟಗ್ಯಾಗ ಕಟ್ಟಿ ಮೇಯಿಸ್ತೀವಿ, ಮೈ ತುಂಬಿ ಹೊಳೀತಾವ. ಮಳಿ ಬಿತ್ತಂತ ಮೊದಲ ದಿನಾನ ರಂಟಿ ಹೂಡಿದ್ರ ಕಾಲು ನಡಗಿ ನೊಗ ಕೆಡವ್ತಾವ. ಮೊದಲ ಖಾಲಿ ಬಂಡಿ ಹೂಡಬೇಕು, ಎರಡ ದಿನಾ ಬಿಟ್ಟ ಕುಂಟಿ, ಆಮ್ಯಾಲ ರಂಟಿ. ನಮ್ಮಪ್ಪ ಹಾಂಗ ಕಲಿಸ್ಯಾನ. ಅವ್ವಾರಿಗೂ ಒಮ್ಮಿಗೇ ನಡಿ ಅನಬ್ಯಾಡ್ರಿ ತಮ್ಮಾ. ಖಾಲಿ ಬಂಡಿ ಹೂಡ್ರಿ ಮೊದಲ.

ಫಿಜಿಯೋ ಅಕ್ಕ · ಬೆಳಗಾವಿ

@ಇಂಡಿ ರೈತ ಕಾಕಾ, ನಾನು ನಾಲ್ಕೂವರೆ ವರ್ಷ ಓದಿದ್ದನ್ನ ನೀವು ಮೂರು ಸಾಲಲ್ಲಿ ಹೇಳಿದ್ರಿ. ನಾಸಾದವರೂ ಬಂದವರಿಗೆ 45 ದಿನ ದಿನಾ ಎರಡು ತಾಸು ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರಿಸ್ತಾರೆ.

ಮಲಪ್ರಭೆ

ನನ್ನದೊಂದು ತಕರಾರು. 66 ವರ್ಷದ ಅವ್ವನನ್ನ 39 ವರ್ಷದ ಪೈಲಟ್‌ಗೆ ಹೋಲಿಸೋದೇ ತಪ್ಪಲ್ವಾ? ವಯಸ್ಸಾದ ಮೇಲೆ ಸ್ನಾಯು ಹೋಗೋದು ಸಹಜ. ಬಾಹ್ಯಾಕಾಶ ಅಂದ್ರೆ ಬೇಗ ಬರೋ ಮುಪ್ಪು ಅಂತ ಎಲ್ಲಾ ಕಡೆ ಬರೀತಾರೆ.

ಫಿಜಿಯೋ ಅಕ್ಕ · ಬೆಳಗಾವಿ

ಬರೀತಾರೆ, ಆದರೆ ಎರಡೂ ಒಂದೇ ಅಲ್ಲ. ಸ್ನಾಯುವಿನಲ್ಲಿ ಎರಡು ಥರದ ಎಳೆ ಇರ್ತಾವೆ. ನಿಧಾನ ಎಳೆ ದಣಿಯಲ್ಲ, ತಾಸುಗಟ್ಟಲೆ ನಿಲ್ಲಿಸುತ್ತೆ. ವೇಗದ ಎಳೆ ಎಡವಿದಾಗ ಥಟ್ಟನೆ ಕಾಲು ಮುಂದಿಡುತ್ತೆ. ಮುಪ್ಪಿನಲ್ಲಿ ವೇಗದ ಎಳೆಗಳು ಹೆಚ್ಚು ಸೊರಗ್ತಾವೆ, ಅದಕ್ಕೇ ಹಿರಿಯರು ಎಡವಿದರೆ ಸಾವರಿಸಿಕೊಳ್ಳೋಕೆ ಆಗಲ್ಲ. ಬಾಹ್ಯಾಕಾಶದಲ್ಲಿ ನಿಧಾನ ಎಳೆಗಳು ಮೊದಲು ಸೊರಗ್ತಾವೆ, ಕೆಲವು ವೇಗದ ಎಳೆಯ ಗುಣಕ್ಕೇ ತಿರುಗ್ತಾವೆ.

ಈಗ ನವನಗರದ ಅವ್ವನನ್ನ ನೆನೆಸಿಕೊಳ್ಳಿ. ಮುಪ್ಪಿನಿಂದ ಒಂದು ಥರದ್ದು ಮೊದಲೇ ಕಡಿಮೆ ಇತ್ತು, ಬಚ್ಚಲಲ್ಲಿ ಬಿದ್ದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಮಲಗಿ ಇನ್ನೊಂದು ಥರದ್ದೂ ಹೋಗ್ತಿದೆ. ಎರಡೂ ಕಡೆಯಿಂದ ಕಳ್ಳತನ.

2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನ್ನ ನಿದ್ದೆ ಕೆಡಿಸಿತ್ತು. ಸರಾಸರಿ 67 ವರ್ಷದ ಆರೋಗ್ಯವಂತರನ್ನ ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿದರು. ಪೆಟ್ಟಿಲ್ಲ, ಜ್ವರ ಇಲ್ಲ. ಕಾಲುಗಳಿಂದಲೇ ಒಂದು ಕಿಲೋ ಹತ್ತಿರ ಸ್ನಾಯು ಹೋಯ್ತು. 10 ದಿನಕ್ಕೆ. ನಿಮ್ಮ ಮನೆಯಲ್ಲಿ 10 ವಾರ ಆಗಿದೆ ಅಣ್ಣಾರ. ಕೈಮುಗಿದು ಕೇಳ್ತೀನಿ, ನಾಳೆನೇ ಆಪರೇಷನ್ ಮಾಡಿದ ಸರ್ಜನ್‌ಗೆ ಒಂದೇ ಮಾತು ಕೇಳಿ: ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಾ? ಎಲುಬು ಮುರಿದ ಜಾಗ, ರಾಡ್ ಕೂತ ರೀತಿ ನೋಡಿ ಅವರೇ ಹೇಳಬೇಕು, ನಾನು ಇಲ್ಲಿಂದ ಹೇಳಬಾರದು.

ನವನಗರದ ಮಗ · ಬಾಗಲಕೋಟೆ

ಓದಿ ಕೈಕಾಲು ತಣ್ಣಗಾದ್ವು. ನಾಳೆ ಮುಂಜಾನೆ ಹೋಗ್ತೀನಿ ಅಕ್ಕಾರ. ಅತ್ತಿಗೆ ಏನು ಹೇಳ್ಲಿ?

ಫಿಜಿಯೋ ಅಕ್ಕ · ಬೆಳಗಾವಿ

ಅತ್ತಿನ್ನೂ ಕರ್ಕೊಂಡು ಹೋಗ್ರಿ. ಡಾಕ್ಟರ್ ಬಾಯಿಂದನೇ ಕೇಳ್ಲಿ. ಅವರ ಅಂಜಿಕೆ ಸುಳ್ಳಲ್ಲ, ಹಿಂದೆಲ್ಲ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸೋದೇ ಪದ್ಧತಿ ಇತ್ತು.

ಸಿಂದಗಿ ಹುಡುಗಿ

ನಾನು ಧಾರವಾಡದಾಗ ಕೃಷಿ ಓದ್ತೀನಿ. ಒಂದು ಮಾತು ಯಾರೂ ಹೇಳಿಲ್ಲ, ಹೇಳಲೇಬೇಕು. ಶುಕ್ಲಾ ಸರ್ ಮೇಲೆ ಒಯ್ದ ಪ್ರಯೋಗಗಳಾಗ ಒಂದು ಸ್ನಾಯುವಿನ ಮೇಲೇನೇ ಇತ್ತು! ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯವರದ್ದು. ಸ್ನಾಯು ಹರಿದಾಗ ಮತ್ತೆ ಕಟ್ಟೋ ಕಾಂಡಕೋಶಗಳು ಅಲ್ಲಿ ಹೆಂಗ ವರ್ತಿಸ್ತಾವ, ಪೂರಕ ಪೋಷಕಾಂಶ ಕೊಟ್ರ ಏನಾಗ್ತದ ಅಂತ. ತಮ್ಮ ಕಾಲೊಳಗ ಆಗ್ತಿದ್ದದ್ದನ್ನೇ ಅವರು ಕೈಯಿಂದ ಪೆಟ್ಟಿಗ್ಯಾಗ ಪ್ರಯೋಗ ಮಾಡ್ತಿದ್ರು.

ಇನ್ನೊಂದು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯದ್ದು. ಹೆಸರು ಮತ್ತು ಮೆಂತ್ಯ ಕಾಳು ಅಲ್ಲಿ ಮೊಳಕಿ ಒಡೀತಾವ ಇಲ್ಲ ಅಂತ ನೋಡೋದು. ನಾವು ಬಟ್ಟಿ ಒಳಗ ಕಟ್ಟಿ ಮೊಳಕಿ ಬರಿಸೋ ಹೆಸರಕಾಳು 400 ಕಿಲೋಮೀಟರ್ ಮೇಲೆ ಹೋಗಿ ಬಂತು. ಕ್ಲಾಸಿನಾಗ ಕೇಳಿದ ದಿನ ನಾನು ಮನೀಗೆ ಫೋನ್ ಮಾಡಿ ಅಮ್ಮಗ ಹೇಳಿದೆ, ಅಮ್ಮ ಹೆಸರಿನ ಡಬ್ಬಿ ತೆಗದು ನೋಡಿದ್ಲಂತ.

ಗರಡಿ ಮನಿ · ಜಮಖಂಡಿ

ತಂಗಿ, ಭಾಳ ಛಂದ ಹೇಳಿದಿ. ಕಾಳಿನ ಮಾತು ಬಂತು ಅಂದ್ರ ಊಟದ ಮಾತು ಎತ್ತತೀನಿ. ಅವ್ವಾರಿಗೆ ಏನು ಉಣಸ್ತೀರಿ? ಬರೇ ಗಂಜಿ, ಸಾರು ಅನ್ನ ಆದ್ರ ಸಾಮು ಮಾಡಿದ್ದು ಮೈಗೆ ಹತ್ತೂದಿಲ್ಲ.

ನವನಗರದ ಮಗ · ಬಾಗಲಕೋಟೆ

ಖರೆ ಹೇಳಬೇಕಂದ್ರ ಅದ ಕೊಡ್ತಿದ್ವಿ. ಮಲಗಿದವರಿಗೆ ಪಚನ ಆಗೂದಿಲ್ಲ ಅಂತ ರೊಟ್ಟಿ ಬಿಡಿಸಿದ್ವಿ.

ಫಿಜಿಯೋ ಅಕ್ಕ · ಬೆಳಗಾವಿ

ಅಯ್ಯೋ. ಕಿಡ್ನಿ ತೊಂದರೆ ಇಲ್ಲ ಅಂತ ಡಾಕ್ಟರ್ ಹತ್ರ ಖಾತ್ರಿ ಮಾಡ್ಕೊಂಡು, ಮೊಳಕೆ ಹೆಸರಕಾಳು ಪಲ್ಯ, ಮಡಿಕೆಕಾಳು, ಜುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತಿನ್ನೋರಾದ್ರೆ ಮೊಟ್ಟೆ ಶುರು ಮಾಡಿ. ಒಂದೇ ಹೊತ್ತಿಗೆ ಅಲ್ಲ, ಮೂರೂ ಹೊತ್ತು ಸ್ವಲ್ಪ ಸ್ವಲ್ಪ. ಆದರೆ ಬರೀ ಉಂಡರೆ ಆಗಲ್ಲ, ಭಾರ ಬಿದ್ದಾಗಲೇ ಸ್ನಾಯು ಅದನ್ನ ಕರೆದುಕೊಳ್ಳೋದು.

ಬಸವನ ಬಾಗೇವಾಡಿ

ಇದಕ್ಕೆ ಒಂದು ಗುಳಿಗಿ ಕಂಡ ಹಿಡದಿಲ್ಲೇನ್ರಿ ಇನ್ನೂ?

ಸಿಂದಗಿ ಹುಡುಗಿ

ಇಲಿಗಳಾಗ ಒಂದು ದಾರಿ ಕಂಡದ. ನಮ್ಮ ದೇಹದಾಗ ಮಯೋಸ್ಟಾಟಿನ್ ಅಂತ ಪ್ರೋಟೀನ್ ಇರ್ತದ, ಸ್ನಾಯು ಅತಿಯಾಗಿ ಬೆಳೀದಂಗ ಲಗಾಮು ಹಾಕೋದು ಅದು. 2019ರ ಡಿಸೆಂಬರ್‌ನಾಗ 40 ಇಲಿ ನಿಲ್ದಾಣಕ್ಕ ಕಳಿಸಿದ್ರು, 33 ದಿನ ಇದ್ವು. ಸಾಮಾನ್ಯ ಇಲಿಗಳ ಸ್ನಾಯು ಶೇ. 18ರ ತನಕ ಹೋತು. ಮಯೋಸ್ಟಾಟಿನ್ ಇಲ್ಲದಂಗ ಹುಟ್ಟಿದ ಇಲಿಗಳದ್ದು ಹೋಗಲಿಲ್ಲ. ಆ ಲಗಾಮು ತಡಿಯೋ ಔಷಧಿ ಅಲ್ಲೇ ಕೊಟ್ಟ ಇಲಿಗಳು ಇನ್ನೂ ದಪ್ಪ ಆದ್ವು, ಎಲುಬೂ ಗಟ್ಟಿ ಆತು.

ಗರಡಿ ಮನಿ · ಜಮಖಂಡಿ

ಅದು ಇಲ್ಲಿ ಸಿಗ್ತೈತೇನು?

ಫಿಜಿಯೋ ಅಕ್ಕ · ಬೆಳಗಾವಿ

ಅಣ್ಣಾರ, ಇಲಿಗೆ ಆಗಿದ್ದು ಮನುಷ್ಯರಿಗೆ ಆಗುತ್ತೆ ಅಂತ ಅಲ್ಲ. ಇಂಥ ಹೆಸರು ಹೇಳಿ ಯಾರಾದರೂ ನಿಮ್ಮ ಹುಡುಗರಿಗೆ ಪುಡಿ, ಇಂಜೆಕ್ಷನ್ ಮಾರಲಿಕ್ಕೆ ಬಂದರೆ ಗರಡಿ ಬಾಗಿಲಲ್ಲೇ ನಿಲ್ಲಿಸಿ.

ಗರಡಿ ಮನಿ · ಜಮಖಂಡಿ

ಮಾತು ಕೊಟ್ಟೆ. ನಮ್ಮಲ್ಲಿ ಹಾಲು, ಬದಾಮ, ಮಣ್ಣು. ಅಷ್ಟ.

ಇಂಡಿ ರೈತ

ಬೆಲ್ಜಿಯಂ ದೇಶದ ದನದಾಗ ಆ ಲಗಾಮು ಕೆಟ್ಟಿರತದಂತ, ಪಶು ಡಾಕ್ಟರ್ ಫೋಟೋ ತೋರಿಸಿದ್ರು. ತೊಡಿ ಬ್ಯಾರೆ ಬ್ಯಾರೆ ಗಂಟು ಕಟ್ಟಿದಂಗ. ಆದ್ರ ಕರು ದೊಡ್ಡದಾಗಿ ಈಯೂದ ಕಷ್ಟ, ಹೊಟ್ಟಿ ಕೊಯ್ದು ತಗೀತಾರಂತ. ನಮ್ಮ ಖಿಲಾರಿಗೆ ಅದು ಬ್ಯಾಡ. ಖಿಲಾರಿ ಹೋರಿ ನೋಡಿರೇನು, ಸಣ್ಣ ತೊಡಿ, ಗಾಳಿಗತೆ ಓಡ್ತದ.

ಆಲಮಟ್ಟಿ ಹುಡುಗ

ಕಾಕಾ, ಕಾರಹುಣ್ಣಿವಿಗೆ ಕರಿ ಹರಿಯೂದು ನೋಡಾಕ ನಿಮ್ಮೂರಿಗೆ ಬರತೀನಿ ಮುಂದಿನ ವರ್ಷ.

ಇಂಡಿ ರೈತ

ಬಾ. ಹೋಳಗಿ ಉಂಡ ಹೋಗು.

ಮಗ್ಗದ ಸದ್ದು · ಗುಳೇದಗುಡ್ಡ

ಎಲ್ಲಾ ಓದಿದೆ. ನಮ್ಮಪ್ಪ ಕುಣಿ ಮಗ್ಗದಾಗ ಖಣ ನೇಯ್ದವ, ಕಾಲು ಕುಣ್ಯಾಗ ಇಳಿಬಿಟ್ಟು ಎಡ ಬಲ ಹಲಗಿ ತುಳೀತಿದ್ದ, ಮುಂಜಾನಿಂದ ದೀಪ ಹಚ್ಚೂತನಕ. 70 ವರ್ಷಕ್ಕೂ ಮೀನಖಂಡ ಕಲ್ಲಿನಂಗ ಇತ್ತು. ಪವರ್‌ಲೂಮ್ ಹಾಕಿದ ಮ್ಯಾಲ ಬರೇ ಕುಂತು ನೋಡೂದಾತು, ಎರಡು ವರ್ಷದಾಗ ಕಾಲು ಇಳದ್ವು. ನವನಗರದ ಅಣ್ಣಾರ, ನಿಮ್ಮವ್ವಾರು ಯಾವ ಊರಿನ ಮಗಳು?

ನವನಗರದ ಮಗ · ಬಾಗಲಕೋಟೆ

ನಿಮ್ಮೂರ ಮಗಳ ರಿ! ಗುಳೇದಗುಡ್ಡ. ಮದಿವಿ ಆಗೂತನಕ ಖಣ ನೇಯ್ದಾಳ. ಅತ್ತೀನೂ ನೇಯ್ದಾಕಿನ.

ಮಗ್ಗದ ಸದ್ದು · ಗುಳೇದಗುಡ್ಡ

ಹಂಗಾರ ವ್ಯಾಯಾಮ ಮಾಡಬೇ ಅನಬ್ಯಾಡ್ರಿ. ಮಂಚದ ತುದಿಗೆ ಕುಂದರಿಸಿ ಮಗ್ಗ ತುಳಿ ಅನ್ರಿ.

ಫಿಜಿಯೋ ಅಕ್ಕ · ಬೆಳಗಾವಿ

ಇದನ್ನ ನಾನು ನನ್ನ ಕ್ಲಿನಿಕ್‌ಗೆ ಒಯ್ತೀನಿ. ಡಾಕ್ಟರ್ ಹೂಂ ಅಂದ ಮೇಲೆ: ಪಾದ ಮೇಲೆ ಕೆಳಗೆ ತುಳಿಯೋದು, ಮಂಡಿ ನೇರ ಮಾಡಿ ತೊಡೆ ಬಿಗಿ ಹಿಡಿಯೋದು, ಆಮೇಲೆ ವಾಕರ್ ಹಿಡಿದು ಎದ್ದು ನಿಲ್ಲೋದು. ನಿಲ್ಲೋದೇ ಮುಖ್ಯ. ಕೂತು ತುಳಿದದ್ದು ಖಾಲಿ ಬಂಡಿ, ಎದ್ದು ನಿಂತದ್ದು ಕುಂಟಿ. ಮೊದಲ ಸಲ ತಲೆ ತಿರುಗುತ್ತೆ, ಬಾಹ್ಯಾಕಾಶದಿಂದ ಬಂದವರಿಗೂ ಹಾಗೇ, ನಿಂತಾಗ ರಕ್ತ ಕಾಲಿಗೆ ಇಳಿಯುತ್ತೆ. ಅದಕ್ಕೆ ಮೊದಲು ಐದು ನಿಮಿಷ ಕಾಲು ಇಳಿಬಿಟ್ಟು ಕೂಡ್ರಿಸಿ, ಪಕ್ಕದಲ್ಲಿ ಇಬ್ಬರು ಇರಲಿ.

ನವನಗರದ ಮಗ · ಬಾಗಲಕೋಟೆ (ಎಂಟು ದಿನದ ಮ್ಯಾಲ)

ಸುದ್ದಿ ಹೇಳಾಕ ಬಂದೆ.

ಸರ್ಜನ್ ಎಕ್ಸ್‌ರೇ ನೋಡಿ ಪೂರ್ತಿ ಭಾರ ಹಾಕ್ರಿ ಅಂದ್ರು. ಡಿಸ್ಚಾರ್ಜ್ ಕಾಗದದಾಗ ವಾಕರ್ ಹಿಡದು ನಡಸ್ರಿ ಅಂತ ಅವತ್ತ ಬರದಿದ್ರು, ಬಿಲ್ಲಿನ ಜೋಡಿ ಮಡಚಿ ಟ್ರಂಕಿನಾಗ ಇಟ್ಟವ ನಾನ. ಹತ್ತು ವಾರ. ಇದನ್ನ ಬರಿಯಾಕ ನನಗ ಎರಡು ದಿನ ಬೇಕಾತು.

ಅತ್ತಿ ಅಲ್ಲೇ ಕಣ್ಣೀರು ಹಾಕಿದ್ಲು. ಮನಿಗೆ ಬಂದು ಯಾರಿಗೂ ಏನೂ ಹೇಳದ ಅವ್ವನ ಎಬ್ಬಿಸಿ ಮಂಚದ ತುದಿಗೆ ಕುಂದರಿಸಿ, ಬಾಜೂಕ ತಾನೂ ಕುಂತು ಕಾಲು ಇಳಿಬಿಟ್ಲು. ಇಬ್ರೂ ಮಗ್ಗ ತುಳದ್ರು. ಅತ್ತಿ ಎಣಸ್ತಾಳ, ಅವ್ವ ತುಳೀತಾಳ. ಮೊದಲ ದಿನ ಇಪ್ಪತ್ತಕ್ಕ ದಣದ್ಲು, ನಿನ್ನೆ ನೂರಾತು. ನಡುವ ಯಾವ ಖಣ, ಯಾವ ಬಣ್ಣ, ಯಾರ ಮನಿ ಮಗ್ಗ ಅಂತ ಇಬ್ರದೂ ಜಗಳ.

ಮೂರನೇ ದಿನ ವಾಕರ್ ಹಿಡದು ನಿಂತ್ಲು. ಕಾಲು ಎಳೇ ಕರುವಿನ ಕಾಲಿನಂಗ ನಡಗಿದ್ವು. ನಾನು ಎಣಿಸಿದೆ, 18 ಸೆಕೆಂಡ್. ನಿನ್ನೆ ಒಂದೂವರಿ ನಿಮಿಷ. ನಿಂತಾಗ ಕಿಡಕಿಯಿಂದ ಹೊರಗ ನೋಡಿ, ಆ ಹುಡುಗ ಈಗ ನಡೀತಾನ ಏನಪಾ ಅಂತ ಕೇಳಿದ್ಲು. ಯಾವ ಹುಡುಗ ಬೇ ಅಂದೆ. ಮ್ಯಾಲ ಹೋಗಿದ್ನಲ್ಲ, ಅಂವ ಅಂದ್ಲು. ನಡೀತಾನ ಬೇ ಅಂದೆ.

ಅವಳ ಮಂಚದಿಂದ ತುಳಸಿ ಕಟ್ಟಿಗೆ ನನ್ನ ಹೆಜ್ಜಿ 14. ದಸರಾಕ್ಕ ಅಲ್ಲಿಗೆ ಹೋಗ್ತೀನಿ ಅಂತಾಳ. ಅಕ್ಕಾರ, ಆಗ್ತೈತೇನು?

ಫಿಜಿಯೋ ಅಕ್ಕ · ಬೆಳಗಾವಿ

ದಿನಾ ಟೇಪ್ ಹಿಡೀಬೇಡಿ, ಮನಸ್ಸು ಕುಗ್ಗುತ್ತೆ. ನಿಂತ ಸೆಕೆಂಡ್ ಬರೆದಿಡಿ. ಗಾತ್ರಕ್ಕಿಂತ ಮೊದಲು ಶಕ್ತಿ ಬರುತ್ತೆ. ಮತ್ತೆ ನಿಮ್ಮ ಊರಿನ ಫಿಜಿಯೋ ಒಬ್ಬರನ್ನ ಈ ವಾರವೇ ಮನೆಗೆ ಕರೆಸಿ, ಹೆಜ್ಜೆ ಅವರ ಮುಂದೆ ಶುರುವಾಗಲಿ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ರಾ?

ನವನಗರದ ಮಗ · ಬಾಗಲಕೋಟೆ

ಇಲ್ರಿ. ಇವತ್ತ ಗೌಂಡಿನ ಕರೀತೀನಿ.

ಗರಡಿ ಮನಿ · ಜಮಖಂಡಿ

ನನಗೊಬ್ಬ ಗೌಂಡಿ ಗೊತ್ತದಾನ ನವನಗರದಾಗ, ನಮ್ಮ ಗರಡಿ ಹುಡುಗನ. ನಂಬರ್ ನಿಮಗ ಬ್ಯಾರೆ ಕಳಿಸ್ತೀನಿ, ಸಂಜಿ ಮುಂದ ಬರ್ತಾನ.